ಎದುರುವಾದವನ್ನೂ ದಾಖಲಿಸಿದ ವಕೀಲ: ಬೂರ್ಗುಲ ರಾಮಕೃಷ್ಣರಾವ್

ಹೈದರಾಬಾದ್ ಸಂಸ್ಥಾನದಲ್ಲಿ 1946ರಿಂದ 1951ರವರೆಗೆ ನಡೆದ ಘಟನೆಗಳನ್ನು ಒಬ್ಬ ಅರಸನಿಗೂ ಒಂದು ಹೊಸ ರಾಷ್ಟ್ರಕ್ಕೂ ನಡುವಣ ಹಣಾಹಣಿಯೆಂದಷ್ಟೇ ಬಗೆದರೆ ಆ ಕಾಲದ ಸಂಕಟದ ಬಹುಪಾಲು ಕಣ್ಣಿಗೆ ಬೀಳದೆ ಹೋಗುತ್ತದೆ. ಏಕೆಂದರೆ ಅಲ್ಲಿ ಒಂದೇ ಹೊತ್ತಿಗೆ ಹಲವು ಕಾಳಗಗಳು ನಡೆಯುತ್ತಿದ್ದವು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಸಾರ್ವಭೌಮತ್ವವನ್ನು ಉಳಿಸಿಕೊಳ್ಳಲು ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯು ರಜಾಕಾರರೆಂಬ, ಅಂದರೆ ಸ್ವಯಂಸೇವಕರೆಂಬ, ಸಶಸ್ತ್ರ ದಳವನ್ನು ಕಟ್ಟಿತ್ತು. ಭಾರತ ಒಕ್ಕೂಟಕ್ಕೆ ಸೇರಬೇಕೆಂದು ಸ್ಟೇಟ್ ಕಾಂಗ್ರೆಸ್ ಸತ್ಯಾಗ್ರಹದೊಡನೆ ಗಡಿ ಶಿಬಿರಗಳ ಹೋರಾಟವನ್ನೂ ನಡೆಸುತ್ತಿತ್ತು. ನಲ್ಗೊಂಡ, ವರಂಗಲ್ ಜಿಲ್ಲೆಗಳಲ್ಲಿ ಕಮ್ಯುನಿಸ್ಟರ ಮುಂದಾಳುತನದ ರೈತರು ಮೊದಲು ನಿಜಾಮರ ಪೊಲೀಸರೊಡನೆಯೂ ರಜಾಕಾರರೊಡನೆಯೂ, 1948ರ ಬಳಿಕ ಭಾರತದ ಸೇನೆಯೊಡನೆಯೂ ಬಂದೂಕು ಹಿಡಿದು ಕಾದಿದರು. ಊರು ಊರಿನ ಮೇಲೆ, ನೆರೆಯವನು ನೆರೆಯವನ ಮೇಲೆ ಏರಿಹೋದ ಆ ಐದು ವರ್ಷಗಳನ್ನು ಅಂತರ್ಯುದ್ಧವೆಂದು ಕರೆಯುವುದರಲ್ಲಿ ಅತಿಶಯೋಕ್ತಿಯಿಲ್ಲ.

ಈ ಅಂತರ್ಯುದ್ಧದ ಬಹುತೇಕ ಎಲ್ಲ ಪಾಳೆಯಗಳಲ್ಲಿಯೂ ವಕೀಲರಿದ್ದರು. ರಜಾಕಾರರ ನಾಯಕ ಕಾಸಿಂ ರಜ್ವಿ ಲಾತೂರಿನ ವಕೀಲ. ನಿಜಾಮರ ಸಂವಿಧಾನ ಸಲಹೆಗಾರ ಸರ್ ವಾಲ್ಟರ್ ಮಾಂಕ್ಟನ್ ಇಂಗ್ಲೆಂಡಿನ ಹೆಸರಾಂತ ಬ್ಯಾರಿಸ್ಟರ್. ಆರ್ಯಸಮಾಜದ ವಿನಾಯಕರಾವ್ ವಿದ್ಯಾಲಂಕಾರರೂ, ತೆಲುಗು ಜಾಗೃತಿಯ ಸುರವರಂ ಪ್ರತಾಪರೆಡ್ಡಿಯವರೂ ಕಾನೂನು ಓದಿ ಬಂದವರು. ಇವರೆಲ್ಲರ ನಡುವೆ, ಎಲ್ಲ ಪಾಳೆಯಗಳೊಡನೆಯೂ ಯಾವುದಾದರೊಂದು ನಂಟನ್ನು ಇಟ್ಟುಕೊಂಡಿದ್ದು, ಆ ಕಾರಣದಿಂದಲೇ ಎಲ್ಲರ ಅನುಮಾನಕ್ಕೂ ಪಾತ್ರರಾಗಿ, ಕೊನೆಗೆ ಆ ಸಂಸ್ಥಾನದ ಚುನಾಯಿತ ಮುಖ್ಯಮಂತ್ರಿಯಾದವರು ಬೂರ್ಗುಲ ರಾಮಕೃಷ್ಣರಾವ್. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರನ್ನು 1952ರಿಂದ 1956ರವರೆಗೆ ಆಳಿದ ಸರ್ಕಾರದ ಮುಖ್ಯಸ್ಥರು ಇವರೇ ಆಗಿದ್ದರೂ, ಕನ್ನಡದಲ್ಲಿ ಇವರ ಕುರಿತ ಬರವಣಿಗೆ ತೀರ ಕಡಿಮೆ.

ವಕೀಲನೊಬ್ಬನ ನಿಷ್ಠೆ ಆ ಸಂಸ್ಥಾನದಲ್ಲಿ ಏಕೆ ಒಡೆದುಹೋಗುತ್ತಿತ್ತೆಂಬುದನ್ನು ಅರಿಯಲು ಅಲ್ಲಿನ ಭೂಮಿಯ ಒಡೆತನವನ್ನು ಮೊದಲು ನೋಡಬೇಕಾಗುತ್ತದೆ. ಉದಾಹರಣೆಗೆ, ಇಂದು ಹೈದರಾಬಾದಿನ ಪೂರ್ವದ ಅಂಚಿನಲ್ಲಿ ಕಾರ್ಖಾನೆಗಳಿಂದ ತುಂಬಿರುವ ನಾಚಾರಂ ಆಗ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೂ ಮೌಲಾಲಿ ಗುಡ್ಡಕ್ಕೂ ಹತ್ತಿರದ ಒಂದು ಹಳ್ಳಿಯಾಗಿತ್ತು. ರಾಜಧಾನಿಯನ್ನು ಸುತ್ತುವರಿದಿದ್ದ ಈ ಹಳ್ಳಿಗಾಡು ‘ಅತ್ರಾಫ್-ಇ-ಬಲ್ದಾ’, ಅಂದರೆ ನಗರದ ಸುತ್ತಣ ಸೀಮೆ, ಎಂಬ ಜಿಲ್ಲೆಯೆನಿಸಿ, ಮುಖ್ಯವಾಗಿ ‘ಸರ್ಫ್-ಎ-ಖಾಸ್’ ಎಂಬ ಬಗೆಯ ಭೂಮಿಗೆ ಸೇರಿತ್ತು. ಸರ್ಫ್-ಎ-ಖಾಸ್ ಎಂದರೆ ನಿಜಾಮರ ಖಾಸಗಿ ಆಸ್ತಿ. ಅಲ್ಲಿನ ಕಂದಾಯ ಸರ್ಕಾರದ ಬೊಕ್ಕಸಕ್ಕೆ ಹೋಗದೆ ಅರಸರ ಸ್ವಂತ ಖರ್ಚಿಗೆ ಸಲ್ಲುತ್ತಿತ್ತು. ಸರ್ಕಾರ ನೇರವಾಗಿ ಕಂದಾಯ ಎತ್ತುತ್ತಿದ್ದ ಭೂಮಿಗೆ ‘ದಿವಾನಿ’ ಅಥವಾ ‘ಖಾಲ್ಸಾ’ ಎಂಬ ಹೆಸರಿದ್ದರೆ, ಶ್ರೀಮಂತ ಮನೆತನಗಳಿಗೆ ಬಿಟ್ಟುಕೊಟ್ಟಿದ್ದ ಊರುಗಳು ಜಾಗೀರುಗಳೆನಿಸಿದ್ದವು. ಒಂದು ಊರಿನಿಂದ ಇನ್ನೊಂದು ಊರಿಗೆ ನಡೆದುಹೋಗುವಷ್ಟರಲ್ಲಿ ಒಡೆಯ ಬದಲಾಗುತ್ತಿದ್ದ ನಾಡು ಅದು. ಹೈದರಾಬಾದಿನಲ್ಲಿ ವಕಾಲತ್ತು ನಡೆಸುವವನಿಗೆ ಬರುವ ಮೊಕದ್ದಮೆಗಳಲ್ಲಿ ಜಮೀನಿನ ವ್ಯಾಜ್ಯಗಳೇ ಮುಖ್ಯವಾಗಿದ್ದವು, ಶುಲ್ಕ ಕೊಡಬಲ್ಲ ಕಕ್ಷಿದಾರರಲ್ಲಿ ಜಾಗೀರುದಾರರೂ, ಹಳ್ಳಿಗಳ ದೊಡ್ಡ ಭೂಮಾಲೀಕರಾದ ದೇಶಮುಖರೂ ಎದ್ದುಕಾಣುತ್ತಿದ್ದರು. ಆ ವಕೀಲನೇ ಸಂಜೆಯ ಸಭೆಯಲ್ಲಿ ಪ್ರಜಾಪ್ರತಿನಿಧಿ ಸರ್ಕಾರ ಬೇಕೆಂದು ಮಾತನಾಡಬೇಕಾಗಿತ್ತು.

ಬೂರ್ಗುಲ ರಾಮಕೃಷ್ಣರಾಯರು 1899ರ ಮಾರ್ಚ್ 13ರಂದು ಮಹಬೂಬ್‌ನಗರ ಜಿಲ್ಲೆಯ ಕಲ್ವಕುರ್ತಿ ಕಡೆಯ ಪಡಕಲ್ಲು ಗ್ರಾಮದಲ್ಲಿ ಹುಟ್ಟಿದರು. ಹೈದರಾಬಾದಿನಲ್ಲಿ ಶಾಲಾ ವಿದ್ಯಾಭ್ಯಾಸ, ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಪದವಿ, ಮುಂಬೈ ವಿಶ್ವವಿದ್ಯಾಲಯದ ಕಾನೂನು ಪದವಿ ಮುಗಿಸಿ, 1920ರ ದಶಕದ ಮೊದಲ ಭಾಗದಲ್ಲಿ ಹೈದರಾಬಾದಿನಲ್ಲಿ ವಕೀಲಿ ಆರಂಭಿಸಿದರು. ಅಂದಿನ ನ್ಯಾಯಾಲಯಗಳ ಭಾಷೆ ಉರ್ದುವಾಗಿತ್ತು. ರಾಯರು ಉರ್ದು, ಪಾರ್ಸಿ, ಸಂಸ್ಕೃತ, ಮರಾಠಿ, ಕನ್ನಡಗಳನ್ನು ಬಲ್ಲವರಾಗಿದ್ದು, ಶಂಕರಾಚಾರ್ಯರ ಹೆಸರಿನಲ್ಲಿರುವ ಸೌಂದರ್ಯಲಹರಿಯನ್ನೂ ಕನಕಧಾರಾ ಸ್ತೋತ್ರವನ್ನೂ ತೆಲುಗಿಗೆ ತಂದರು. ಅರಮನೆಯವರ ಪಾರ್ಸಿಯನ್ನು ಪ್ರೀತಿಯಿಂದ ಓದುತ್ತ, ಹಳ್ಳಿಯವರ ತೆಲುಗಿಗೆ ಸ್ಥಾನಮಾನ ಕೇಳುವುದು ಈ ಮನುಷ್ಯನಿಗೆ ಸಹಜವಾಗಿತ್ತು, ಇದನ್ನು ಮರೆತು ಅವರ ರಾಜಕಾರಣವನ್ನು ಅಳೆಯಲಾಗದು.

1921ರ ನವೆಂಬರಿನಲ್ಲಿ ಹೈದರಾಬಾದಿನ ವಿವೇಕವರ್ಧಿನಿ ಸಭಾಂಗಣದಲ್ಲಿ ಮಹರ್ಷಿ ಕರ್ವೆಯವರ ಅಧ್ಯಕ್ಷತೆಯಲ್ಲಿ ನಡೆದ ಸಮಾಜ ಸುಧಾರಣಾ ಸಮ್ಮೇಳನದಲ್ಲಿ ಆಲಂಪಲ್ಲಿ ವೆಂಕಟರಾಮರಾವ್ ಎಂಬ ವಕೀಲರು ತೆಲುಗಿನಲ್ಲಿ ಮಾತನಾಡಲು ನಿಂತಾಗ ಸಭಿಕರು ಗದ್ದಲವೆಬ್ಬಿಸಿ ಅವರನ್ನು ಕೂರಿಸಿದರು. ಅಂದೇ ಕೆಲವು ತೆಲುಗರು ಕೂಡಿ ಆಂಧ್ರ ಜನಸಂಘವನ್ನು ಸ್ಥಾಪಿಸಿದರು; ಅವರಲ್ಲಿ ರಾಮಕೃಷ್ಣರಾಯರೂ ಒಬ್ಬರು. ಆ ಸಂಘವು ಮುಂದೆ ಆಂಧ್ರ ಮಹಾಸಭೆಯಾಗಿ ಬೆಳೆದು, 1930ರಲ್ಲಿ ಜೋಗಿಪೇಟೆಯಲ್ಲಿ ಮೊದಲ ಅಧಿವೇಶನವನ್ನು ಸುರವರಂ ಪ್ರತಾಪರೆಡ್ಡಿಯವರ ಅಧ್ಯಕ್ಷತೆಯಲ್ಲಿ ನಡೆಸಿತು. 1931ರಲ್ಲಿ ದೇವರಕೊಂಡದ ಎರಡನೆಯ ಅಧಿವೇಶನದ ಅಧ್ಯಕ್ಷತೆ ರಾಯರ ಪಾಲಿಗೆ ಬಂತು. ಸಂಸ್ಥಾನದ ಮರಾಠಿಗರು ಮಹಾರಾಷ್ಟ್ರ ಪರಿಷತ್ತನ್ನೂ, ಕನ್ನಡಿಗರು ನಿಜಾಂ ಕರ್ನಾಟಕ ಪರಿಷತ್ತನ್ನೂ ಕಟ್ಟಿಕೊಂಡಿದ್ದು ಇದೇ ಜಾಡಿನಲ್ಲಿ. ಸುಮಾರು 82 ಸಾವಿರ ಚದರ ಮೈಲಿಗಳಷ್ಟು ವಿಸ್ತಾರವಾಗಿದ್ದು, 1941ರ ಜನಗಣತಿಯಂತೆ 1 ಕೋಟಿ 60 ಲಕ್ಷಕ್ಕೂ ಹೆಚ್ಚು ಜನರಿದ್ದ ಸಂಸ್ಥಾನದಲ್ಲಿ ತೆಲುಗು ಮಾತನಾಡುವವರು ಅರ್ಧದಷ್ಟು, ಮರಾಠಿಗರು ಕಾಲುಭಾಗದಷ್ಟು, ಉಳಿದವರಲ್ಲಿ ಹೆಚ್ಚಿನವರು ಕನ್ನಡ ಮತ್ತು ಉರ್ದು ಭಾಷಿಕರಾಗಿದ್ದುದರಿಂದ, ನಿಜಾಮರ ಆಳ್ವಿಕೆಯ ವಿರುದ್ಧದ ಒಂದೇ ಚಳವಳಿಯ ಗರ್ಭದಲ್ಲಿ ಮೂರು ಭಾಷಾ ಚಳವಳಿಗಳು ಬೆಳೆಯುತ್ತಿದ್ದವು.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ಸರ್ಕಾರ ಅದರ ಮೇಲೆ ನಿಷೇಧ ಹೇರಿತು; ಆ ವರ್ಷದ ಕೊನೆಯ ತಿಂಗಳುಗಳಲ್ಲಿ ನಡೆದ ಸತ್ಯಾಗ್ರಹವನ್ನು ಗಾಂಧೀಜಿಯವರ ಸಲಹೆಯಂತೆ ಡಿಸೆಂಬರಿನಲ್ಲಿ ನಿಲ್ಲಿಸಲಾಯಿತು. ಅಲ್ಲಿಂದ ಮುಂದೆ ಕಾಂಗ್ರೆಸ್ಸಿಗರಲ್ಲಿ ಎರಡು ಬಗೆಯ ಮನೋಧರ್ಮಗಳು ಸ್ಪಷ್ಟವಾಗಿ ಬೇರೆಯಾದವು. ಬಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಾಮಾನಂದ ತೀರ್ಥರು ಜೈಲು, ಉಪವಾಸ, ನೇರ ಹೋರಾಟಗಳ ದಾರಿ ಹಿಡಿದರೆ, ರಾಮಕೃಷ್ಣರಾವ್, ಕಾಶೀನಾಥರಾವ್ ವೈದ್ಯ, ಮಂದುಮುಲ ನರಸಿಂಗರಾವ್ ಮುಂತಾದ ವಕೀಲರ ಗುಂಪು ಮನವಿ, ಮಾತುಕತೆ, ಹಂತಹಂತದ ಸುಧಾರಣೆಗಳಲ್ಲಿ ವಿಶ್ವಾಸವಿರಿಸಿತ್ತು. ಈ ಗುಂಪನ್ನು ಹೇಡಿಗಳ ಗುಂಪೆಂದು ತಳ್ಳಿಹಾಕುವುದು ಅಂದಿನ ಭಾಷಣಗಳಲ್ಲಿ ಸಾಮಾನ್ಯವಾಗಿತ್ತು, ಈಗಲೂ ಕೆಲವು ಬರಹಗಳಲ್ಲಿ ಅದು ಮುಂದುವರಿದಿದೆ. ಆದರೆ ಅವರ ವಿಶ್ವಾಸಕ್ಕೆ ಆಧಾರವಿತ್ತು. ಬ್ರಿಟಿಷ್ ಇಂಡಿಯಾದ ಅನೇಕ ಪ್ರಾಂತಗಳಿಗಿಂತ ಮೊದಲೇ, 1921ರಲ್ಲಿ, ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಿದ ಸಂಸ್ಥಾನ ಹೈದರಾಬಾದ್. ಕಾನೂನಿನ ಭಾಷೆಯಲ್ಲಿ ಕೇಳಿದರೆ ಈ ಆಡಳಿತ ಉತ್ತರ ಕೊಡಬಹುದೆಂದು ನಂಬುವುದು ಆ ನ್ಯಾಯಾಲಯಗಳಲ್ಲಿ ದಿನವೂ ವಾದಿಸುತ್ತಿದ್ದವರಿಗೆ ಅಸಹಜವಾಗಿರಲಿಲ್ಲ. 1942ರ ಚಳವಳಿಯಲ್ಲಿ ರಾಯರು ಸೆರೆವಾಸವನ್ನೂ ಅನುಭವಿಸಿದರು. 1946ರ ಜುಲೈಯಲ್ಲಿ ನಿಷೇಧ ತೆರವಾದ ಮೇಲೆ ನಡೆದ ಅಧ್ಯಕ್ಷ ಚುನಾವಣೆಯಲ್ಲಿ ತೀರ್ಥರು ರಾಯರನ್ನು ಅಲ್ಪ ಅಂತರದಿಂದ ಸೋಲಿಸಿದರು. ಸೌಮ್ಯವಾದಕ್ಕೆ ಕಾಂಗ್ರೆಸ್ಸಿನೊಳಗೆ ಆಗಲೂ ಹೆಚ್ಚುಕಡಿಮೆ ಅರ್ಧದಷ್ಟು ಬೆಂಬಲವಿತ್ತೆಂಬುದು ಆ ಅಂತರದಿಂದಲೇ ತಿಳಿಯುತ್ತದೆ.

1947ರ ಆಗಸ್ಟ್ ತಿಂಗಳ ಬಳಿಕ ನಡುದಾರಿ ಕುಸಿಯಿತು. ನವೆಂಬರ್ 29ರಂದು ಭಾರತ ಸರ್ಕಾರಕ್ಕೂ ನಿಜಾಮರಿಗೂ ಯಥಾಸ್ಥಿತಿ ಒಪ್ಪಂದವಾಯಿತು. ಒಂದು ವರ್ಷದ ಮಟ್ಟಿಗೆ ಬ್ರಿಟಿಷರ ಕಾಲದ ಸಂಬಂಧಗಳನ್ನೇ ಮುಂದುವರಿಸುವುದೆಂಬುದು ಅದರ ತಿರುಳು. ಪ್ರಧಾನಿ ಲಾಯಕ್ ಅಲಿ ತಮ್ಮ ಮಂತ್ರಿಮಂಡಲಕ್ಕೆ ಹಿಂದೂ ಸಚಿವರನ್ನೂ ಸೇರಿಸಿಕೊಂಡರು. ಸ್ಟೇಟ್ ಕಾಂಗ್ರೆಸ್ಸಿನ ಸೌಮ್ಯವಾದಿಗಳಲ್ಲಿ ಒಬ್ಬರಾದ ಜಿ. ರಾಮಾಚಾರಿ ಒಳಗೆ ಹೋದರು, ಮಂತ್ರಿಯಾಗಿದ್ದ ಜೆ. ವಿ. ಜೋಷಿಯವರು ರಜಾಕಾರರ ದೌರ್ಜನ್ಯಗಳನ್ನು ಕಂಡು ಹೊರಬಂದರು. 1948ರಲ್ಲಿ ವಿನಾಯಕರಾವ್ ವಿದ್ಯಾಲಂಕಾರರ ನೇತೃತ್ವದಲ್ಲಿ ವಕೀಲರು ನ್ಯಾಯಾಲಯಗಳನ್ನು ಬಹಿಷ್ಕರಿಸಿದ್ದು ಈ ಕಥನದಲ್ಲಿ ಬಹು ಮುಖ್ಯವಾದ ಘಟ್ಟ. ಅರಸನ ಮೊಹರಿನಡಿ ನ್ಯಾಯ ದೊರೆಯಬಹುದೆಂಬ ನಂಬಿಕೆಯ ಮೇಲೆ ಕಟ್ಟಿದ ವೃತ್ತಿಯೊಂದು ಆ ನಂಬಿಕೆ ಮುರಿದುಬಿತ್ತೆಂದು ತಾನೇ ಸಾರ್ವಜನಿಕವಾಗಿ ಒಪ್ಪಿಕೊಂಡ ಗಳಿಗೆ ಅದು. ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ, ಮುಂಡರಗಿಯಂಥ ಗಡಿ ಶಿಬಿರಗಳಿಂದ ಅಳವಂಡಿ ಶಿವಮೂರ್ತಿಸ್ವಾಮಿಯಂಥವರು ನಡೆಸಿದ ಪ್ರತಿದಾಳಿಗಳು, ಆಗಸ್ಟ್ ತಿಂಗಳಲ್ಲಿ ಭಾರತ ಒಕ್ಕೂಟವನ್ನು ಸೇರಬೇಕೆಂದು ಬರೆಯುತ್ತಿದ್ದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನರ ಕೊಲೆ, ಇವೆಲ್ಲ ಆದ ಮೇಲೆ ಮನವಿಪತ್ರಗಳ ಕಾಲ ಮುಗಿದಿತ್ತು. ಶೋಯಬುಲ್ಲಾ ಖಾನರು ಈ ಮೊದಲು ನರಸಿಂಗರಾಯರ ‘ರಯ್ಯತ್’ ಪತ್ರಿಕೆಯಲ್ಲಿ ದುಡಿದವರು. ಸೌಮ್ಯವಾದಿ ವಕೀಲರ ಬಳಗದಲ್ಲಿ ಬೆಳೆದ ಮುಸ್ಲಿಂ ತರುಣನೊಬ್ಬ ತನ್ನ ನಿಲುವಿಗಾಗಿ ಪ್ರಾಣ ತೆತ್ತದ್ದನ್ನು ಈ ಬಳಗದ ಇತಿಹಾಸದಿಂದ ಬೇರ್ಪಡಿಸಿ ನೋಡಬಾರದು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿ, 17ರ ಸಂಜೆಗೆ ಕದನವಿರಾಮವಾಗಿ, ಮೇಜರ್ ಜನರಲ್ ಜೆ. ಎನ್. ಚೌಧರಿಯವರ ಸೈನಿಕ ಆಡಳಿತ ಬಂತು. ಆದರೆ ನೆತ್ತರು ನಿಲ್ಲಲಿಲ್ಲ. ಪಂಡಿತ್ ಸುಂದರಲಾಲ್ ಹಾಗೂ ಕಾಜಿ ಅಬ್ದುಲ್ ಗಫಾರರ ತಂಡವು ಆ ವರ್ಷದ ಕೊನೆಯಲ್ಲಿ ಸಂಸ್ಥಾನವನ್ನು ಸುತ್ತಿ, ‘ಪೊಲೀಸ್ ಕಾರ್ಯಾಚರಣೆ’ಯೆಂದು ಕರೆಯಲಾದ ಈ ಸೇನಾ ಕ್ರಮದ ವೇಳೆಯಲ್ಲಿಯೂ ಅದರ ಬಳಿಕವೂ 27 ಸಾವಿರದಿಂದ 40 ಸಾವಿರದಷ್ಟು ಜನ ಸತ್ತರೆಂದು ಅಂದಾಜು ಮಾಡಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು, ಅತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್‌ಗಳೊಂದಿಗೆ ನಮ್ಮ ಬೀದರ್, ಕಲಬುರಗಿಗಳೂ ಸೇರಿದ್ದವು. ಆ ವರದಿ ದಶಕಗಳ ಕಾಲ ಪ್ರಕಟವಾಗದೆ ಉಳಿದದ್ದು, ಕಲ್ಯಾಣ ಕರ್ನಾಟಕದ ಊರುಗಳಲ್ಲಿ ಒಂದು ಕಡೆಯ ನೋವಿಗೆ ಮಾತ್ರ ಸ್ಮಾರಕಗಳು ಎದ್ದದ್ದು, ದುಃಖದ ಸಂಗತಿ.

1950ರಲ್ಲಿ ಎಂ. ಕೆ. ವೆಲ್ಲೋಡಿಯವರ ನಾಗರಿಕ ಸರ್ಕಾರದಲ್ಲಿ ರಾಯರು ಕಂದಾಯ ಮಂತ್ರಿಯಾದಾಗ ಅವರೊಳಗಿನ ವಕೀಲನಿಗೂ ರಾಜಕಾರಣಿಗೂ ನಿಜವಾದ ಪರೀಕ್ಷೆ ಎದುರಾಯಿತು. ಅತ್ತ ಕಮ್ಯುನಿಸ್ಟರು ತಾವು ಸುಮಾರು 3 ಸಾವಿರ ಹಳ್ಳಿಗಳಲ್ಲಿ 10 ಲಕ್ಷ ಎಕರೆ ಭೂಮಿಯನ್ನು ಹಂಚಿದ್ದಾಗಿ ಹೇಳಿಕೊಳ್ಳುತ್ತಿದ್ದರು; ಇತ್ತ ಓಡಿಹೋಗಿದ್ದ ದೇಶಮುಖರು ಸೇನೆಯ ಬೆಂಗಾವಲಿನಲ್ಲಿ ಹಳ್ಳಿಗಳಿಗೆ ಮರಳುತ್ತಿದ್ದರು, ಅವರಲ್ಲಿ ಹಲವರು ಗಾಂಧಿ ಟೋಪಿ ಧರಿಸಿ ಕಾಂಗ್ರೆಸ್ಸಿಗರಾಗಿದ್ದರು. ಜಾಗೀರುಗಳು 1949ರಲ್ಲಿಯೇ ರದ್ದಾಗಿ, ಸರ್ಫ್-ಎ-ಖಾಸ್ ಭೂಮಿಯೂ ದಿವಾನಿಯಲ್ಲಿ ವಿಲೀನವಾಗಿದ್ದರಿಂದ, ನಾಚಾರಂ ಸೀಮೆಯಂಥ ಕಡೆಗಳಲ್ಲಿ ಅರಸನ ಒಕ್ಕಲು ಮೊದಲ ಬಾರಿಗೆ ಸರ್ಕಾರದ ರೈತನಾದ. ಅದರ ಮುಂದಿನ ಹೆಜ್ಜೆಯೇ 1950ರ ಹೈದರಾಬಾದ್ ಗೇಣಿ ಮತ್ತು ಕೃಷಿ ಭೂಮಿ ಕಾಯ್ದೆ. ನಿಗದಿತ ಅವಧಿಯಷ್ಟು ಕಾಲ ಸಾಗುವಳಿ ಮಾಡಿದ ಗೇಣಿದಾರನನ್ನು ‘ಸಂರಕ್ಷಿತ ಗೇಣಿದಾರ’ನೆಂದು ಗುರುತಿಸಿ, ಅವನನ್ನು ಮನಬಂದಂತೆ ಒಕ್ಕಲೆಬ್ಬಿಸದಂತೆ ತಡೆದು, ಗೇಣಿಗೆ ಮಿತಿ ಹಾಕಿ, ಭೂಮಿಯನ್ನು ಕೊಳ್ಳುವ ಹಕ್ಕನ್ನೂ ಕೊಟ್ಟ ಈ ಕಾಯ್ದೆಯು ಆ ಕಾಲದ ಭಾರತದ ಮುಂದುವರಿದ ಕಾನೂನುಗಳಲ್ಲಿ ಒಂದು. ರಾಯರ ಹೆಸರು ಅದರೊಡನೆ ಗಟ್ಟಿಯಾಗಿ ಬೆಸೆದಿದೆ. ಆದರೂ ಕಾಗದದ ಮೇಲಿನ ಹಕ್ಕು ಹೊಲದಲ್ಲಿ ಪೂರ್ತಿಯಾಗಿ ಉಳಿಯಲಿಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಎ. ಎಂ. ಖುಸ್ರೋ ಅವರು 1950ರ ದಶಕದಲ್ಲಿ ನಡೆಸಿದ ಅಧ್ಯಯನವು, ಅನೇಕ ಸಂರಕ್ಷಿತ ಗೇಣಿದಾರರು ಕಾನೂನುಬಾಹಿರವಾಗಿ ಹೊರದೂಡಲ್ಪಟ್ಟರೆಂದೂ, ‘ಸ್ವಯಂಪ್ರೇರಿತ’ ಬಿಡುಗಡೆಯ ಹೆಸರಿನಲ್ಲಿ ಭೂಮಿ ಕಳೆದುಕೊಂಡರೆಂದೂ ತೋರಿಸಿತು. ಕಾನೂನು ಬರೆದರೆ ಅರ್ಧ ಕೆಲಸ ಮುಗಿಯಿತೆಂದು ಭಾವಿಸುವುದು ವಕೀಲ-ರಾಜಕಾರಣಿಯ ದೌರ್ಬಲ್ಯ. ಅದಕ್ಕೆ ಬೆಲೆ ತೆತ್ತವರು ದಾಖಲೆ ಓದಲು ಬಾರದ ಒಕ್ಕಲುಮಕ್ಕಳು.

1951ರ ಅಕ್ಟೋಬರಿನಲ್ಲಿ ಕಮ್ಯುನಿಸ್ಟರು ಸಶಸ್ತ್ರ ಹೋರಾಟವನ್ನು ಹಿಂತೆಗೆದುಕೊಂಡು ಚುನಾವಣೆಗೆ ಇಳಿದರು. ಶಾದ್‌ನಗರದಿಂದ ಗೆದ್ದ ರಾಯರು 1952ರ ಮಾರ್ಚ್ 6ರಂದು ಮುಖ್ಯಮಂತ್ರಿಯಾದರು; ಹಿಂದೆ ಯಾವ ಅರಸನ ಆಳ್ವಿಕೆಯ ವಿರುದ್ಧ ಮಹಾಸಭೆ ಕಟ್ಟಿದರೋ ಅದೇ ನಿಜಾಮರು ಆಗ ‘ರಾಜಪ್ರಮುಖ’ರು, ಅಂದರೆ ರಾಜ್ಯಪಾಲರಿಗೆ ಸಮಾನವಾದ ಸಾಂವಿಧಾನಿಕ ಮುಖ್ಯಸ್ಥರು. ಕಾಶೀನಾಥರಾವ್ ವೈದ್ಯರು ವಿಧಾನಸಭೆಯ ಅಧ್ಯಕ್ಷರಾದರು, ವಿದ್ಯಾಲಂಕಾರರು ಮಂತ್ರಿಯಾದರು. ಹಳೆಯ ವಕೀಲರ ಬಳಗವೇ ಈಗ ಸರ್ಕಾರ. ಆರು ತಿಂಗಳಲ್ಲಿ ಮುಲ್ಕಿ ಚಳವಳಿ ಭುಗಿಲೆದ್ದಿತು. ‘ಮುಲ್ಕಿ’ ಎಂದರೆ ನಾಡಿನವನು. ಸರ್ಕಾರಿ ನೌಕರಿಗೆ ನಾಡಿನವರೇ ಆಗಿರಬೇಕು, ಹೊರಗಿನಿಂದ ಬಂದವರು 15 ವರ್ಷ ನೆಲೆಸಿರಬೇಕು ಎಂಬ ನಿಜಾಮರ ಕಾಲದ ನಿಯಮವನ್ನು ಸುಳ್ಳು ಪ್ರಮಾಣಪತ್ರಗಳಿಂದ ಮುರಿಯಲಾಗುತ್ತಿದೆಯೆಂದು ವಿದ್ಯಾರ್ಥಿಗಳು ಬೀದಿಗಿಳಿದಾಗ, ಸೆಪ್ಟೆಂಬರ್ ಮೊದಲ ವಾರದಲ್ಲಿ ಹೈದರಾಬಾದಿನ ಸಿಟಿ ಕಾಲೇಜಿನ ಬಳಿ ಪೊಲೀಸರು ಗುಂಡು ಹಾರಿಸಿ ಯುವಕರನ್ನು ಕೊಂದರು. ರಾಯರು ನ್ಯಾಯಮೂರ್ತಿ ಪಿಂಗಳೆ ಜಗನ್ಮೋಹನರೆಡ್ಡಿಯವರಿಂದ ವಿಚಾರಣೆ ನಡೆಯುವಂತೆ ಮಾಡಿದರು. ಆದರೆ ರಾಜ್ಯದ ತೆಲುಗು ಭಾಗವಾದ ತೆಲಂಗಾಣದ ಮನಸ್ಸಿನಲ್ಲಿ ಆ ಗುಂಡಿನ ಗಾಯ ಉಳಿಯಿತು.

ಈ ಹಿನ್ನೆಲೆಯಲ್ಲಿಯೇ ರಾಯರು 1955ರಲ್ಲಿ ಬರೆದ ಪತ್ರವೊಂದನ್ನು ಓದಬೇಕು. ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು ಆ ವರ್ಷ ವರದಿ ಕೊಟ್ಟಾಗ, ಮರಾಠವಾಡವನ್ನು ಮುಂಬೈಗೂ, ಕಲಬುರಗಿ ಮತ್ತು ರಾಯಚೂರಿನ ಕನ್ನಡ ಭಾಗಗಳನ್ನು ಕರ್ನಾಟಕಕ್ಕೂ ಸೇರಿಸಿ, ತೆಲಂಗಾಣವನ್ನು ಬೀದರ್ ಸಮೇತ ಹೈದರಾಬಾದ್ ರಾಜ್ಯವೆಂದು ಸದ್ಯಕ್ಕೆ ಬೇರೆಯಾಗಿಯೇ ಉಳಿಸಿ, 1961ರ ಸುಮಾರಿನ ಚುನಾವಣೆಯ ಬಳಿಕ ಅಲ್ಲಿನ ವಿಧಾನಸಭೆಯ ಮೂರನೇ ಎರಡು ಭಾಗದ ಬಹುಮತವಿದ್ದರೆ ನೆರೆಯ ಆಂಧ್ರ ರಾಜ್ಯದೊಡನೆ ಕೂಡಿಸಬಹುದೆಂದು ಸಲಹೆ ಮಾಡಿತು. ಕಮ್ಯುನಿಸ್ಟರು ಕೂಡಲೇ ವಿಶಾಲಾಂಧ್ರ, ಅಂದರೆ ಎಲ್ಲ ತೆಲುಗು ಸೀಮೆಗಳ ಒಂದೇ ರಾಜ್ಯ, ಆಗಬೇಕೆಂದು ಹಟ ಹಿಡಿದರು, ಕೆ. ವಿ. ರಂಗಾರೆಡ್ಡಿ, ಮರ್ರಿ ಚೆನ್ನಾರೆಡ್ಡಿ ಮೊದಲಾದ ಕಾಂಗ್ರೆಸ್ ನಾಯಕರು ಪ್ರತ್ಯೇಕ ತೆಲಂಗಾಣವೇ ಬೇಕೆಂದರು. ರಾಯರ ಬಾಳಿನ ಮೂರು ದಶಕಗಳ ಕೆಲಸ ತೆಲುಗರ ಒಗ್ಗಟ್ಟಿಗಾಗಿ ನಡೆದದ್ದು. ಅವರು ಮುನ್ನಡೆಸಿದ ಸಂಸ್ಥೆಯ ಹೆಸರಿನಲ್ಲಿಯೇ ‘ಆಂಧ್ರ’ವಿತ್ತು. ಹಾಗಿದ್ದೂ ಅವರು ಕಾಂಗ್ರೆಸ್ ಅಧ್ಯಕ್ಷ ಯು. ಎನ್. ಢೇಬರರಿಗೆ ಬರೆದ ಪತ್ರದಲ್ಲಿ ತೆಲಂಗಾಣದ ಬಹುಸಂಖ್ಯಾತ ಜನರು ವಿಲೀನಕ್ಕೆ ವಿರೋಧವಾಗಿದ್ದಾರೆಂಬ ಅಭಿಪ್ರಾಯವನ್ನು ತಿಳಿಸಿದರು. ಡಿಸೆಂಬರಿನಲ್ಲಿ ಹೈದರಾಬಾದ್ ವಿಧಾನಸಭೆಯಲ್ಲಿ ನಡೆದ ಚರ್ಚೆಯಲ್ಲಿ ಅಭಿಪ್ರಾಯ ಹೇಳಿದ 147 ಸದಸ್ಯರಲ್ಲಿ 103 ಮಂದಿ ವಿಶಾಲಾಂಧ್ರದ ಪರವಾಗಿದ್ದು, 29 ಮಂದಿ ವಿರೋಧಿಸಿದರು. ಆ 103ರಲ್ಲಿ ತಾವು ಬೇರೆ ರಾಜ್ಯಗಳಿಗೆ ಹೊರಟು ನಿಂತಿದ್ದ ಮರಾಠಿ, ಕನ್ನಡ ಸದಸ್ಯರೂ ಇದ್ದರೆಂಬುದನ್ನು ಗಮನಿಸಿದರೆ, ಸದನದ ಲೆಕ್ಕಕ್ಕೂ ತೆಲಂಗಾಣದ ಜನಮನಕ್ಕೂ ನಡುವೆ ಎಷ್ಟು ಅಂತರವಿರಬಹುದೆಂಬ ರಾಯರ ಕಳವಳ ಅರ್ಥವಾಗುತ್ತದೆ.

ದೆಹಲಿಯ ವರಿಷ್ಠರು ವಿಲೀನವನ್ನೇ ನಿರ್ಧರಿಸಿದಾಗ ರಾಯರು ತಲೆಬಾಗಿದರು. 1956ರ ಫೆಬ್ರವರಿ 20ರಂದು ದೆಹಲಿಯಲ್ಲಿ ಆದ ‘ಸಜ್ಜನರ ಒಪ್ಪಂದ’ಕ್ಕೆ, ಅಂದರೆ ತೆಲಂಗಾಣಕ್ಕೆ ಪ್ರಾದೇಶಿಕ ಸಮಿತಿ, ಮಂತ್ರಿಮಂಡಲದಲ್ಲಿ ಪಾಲು, ನೌಕರಿ ಮತ್ತು ಜಮೀನು ಮಾರಾಟದ ರಕ್ಷಣೆಗಳನ್ನು ಕೊಡುವ ಲಿಖಿತ ವಾಗ್ದಾನಕ್ಕೆ, ರಂಗಾರೆಡ್ಡಿ, ಚೆನ್ನಾರೆಡ್ಡಿ, ಜೆ. ವಿ. ನರಸಿಂಗರಾವ್ ಅವರೊಡನೆ ಸಹಿ ಹಾಕಿದರು. ಈ ನಡತೆಯನ್ನು ಅಧಿಕಾರಕ್ಕಾಗಿ ಮಾಡಿಕೊಂಡ ಹೊಂದಾಣಿಕೆಯೆಂದು ಹೇಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಆ ವಿಲೀನದಿಂದ ಮುಖ್ಯಮಂತ್ರಿ ಪದವಿಯನ್ನೇ ಕಳೆದುಕೊಂಡವರು ರಾಯರು. ನ್ಯಾಯಾಲಯದಲ್ಲಿ ವಕೀಲನು ತೀರ್ಪಿಗೆ ತಲೆಬಾಗುವ ಮೊದಲು ತನ್ನ ಕಡೆಯ ಸಾಕ್ಷ್ಯವನ್ನು ದಾಖಲೆಗೆ ಸೇರಿಸುತ್ತಾನೆ. ಮೇಲ್ಮನವಿ ಎಂದಾದರೊಂದು ದಿನ ಬಂದೀತೆಂಬ ಎಚ್ಚರ ಅದರ ಹಿಂದಿರುತ್ತದೆ. ರಾಯರ ಪತ್ರಕ್ಕೆ ಆ ಗುಣವಿದೆ. ತಮ್ಮ ಒಡೆದ ನಿಷ್ಠೆಯನ್ನು ಮುಚ್ಚಿಡದೆ ಬರೆದಿಟ್ಟ ಕಾರಣದಿಂದಲೇ ಅವರು, ಒಂದೇ ಕಡೆ ನಿಂತು ಜಯಘೋಷ ಮಾಡಿದವರಿಗಿಂತ ಹೆಚ್ಚಿನ ಗೌರವಕ್ಕೆ ಅರ್ಹರು.

ಕನ್ನಡಿಗರ ಪಾಲಿಗೆ 1956ರ ನವೆಂಬರ್ 1 ಹಬ್ಬದ ದಿನ. ಆದರೂ ಗಡಿರೇಖೆ ಎಳೆದ ರೀತಿಯಲ್ಲಿ ಹಲವು ಮನೆಗಳು ಇಬ್ಭಾಗವಾದವು. ಆಯೋಗವು ತೆಲಂಗಾಣಕ್ಕೆ ಬಿಟ್ಟಿದ್ದ ಬೀದರ್ ಜಿಲ್ಲೆಯನ್ನು ಮೂರಾಗಿ ಸೀಳಿ, ಬೀದರ್, ಭಾಲ್ಕಿ, ಹುಮನಾಬಾದ್ ಕಡೆಯನ್ನು ಮೈಸೂರಿಗೂ, ಉದಗೀರ್, ನಿಲಂಗಾ, ಅಹಮದ್‌ಪುರಗಳನ್ನು ಮುಂಬೈಗೂ, ಜಹೀರಾಬಾದ್, ನಾರಾಯಣಖೇಡಗಳನ್ನು ಆಂಧ್ರಪ್ರದೇಶಕ್ಕೂ ಹಂಚಲಾಯಿತು. ಕಲಬುರಗಿಯಿಂದ ತಾಂಡೂರು, ಕೊಡಂಗಲ್, ರಾಯಚೂರಿನಿಂದ ಗದ್ವಾಲ, ಆಲಂಪುರಗಳು ಆಂಧ್ರಕ್ಕೆ ಹೋದವು. ಹೈದರಾಬಾದ್ ನಗರದ ಕನ್ನಡಿಗರು, ತಮ್ಮ ಸಾಹಿತ್ಯ ಮಂದಿರವನ್ನೂ ಶಾಲೆಗಳನ್ನೂ ಕಟ್ಟಿಕೊಂಡವರು, ಮೂರು ಭಾಷೆಗಳ ರಾಜಧಾನಿಯಲ್ಲಿ ಪಾಲುದಾರರಾಗಿದ್ದವರು, ಭಾಷಾ ಅಲ್ಪಸಂಖ್ಯಾತರಾದರು. ಸಂಸ್ಥಾನವನ್ನು ಒಡೆಯಬಾರದೆಂಬ ವಾದ ಅರಸೊತ್ತಿಗೆಯ ವಾಸನೆಯಿಂದ ಕೆಟ್ಟಿತ್ತು, ನಿಜ. ಆದರೆ ಆ ಬೆರಕೆ ನಾಡಿನ ಬದುಕಿನಲ್ಲಿ ಅಮೂಲ್ಯವಾದದ್ದೇನೂ ಇರಲಿಲ್ಲವೆಂದು ರಾಯರಂಥ ಬಹುಭಾಷಿಕರು ಹೇಳಲಾರದವರಾಗಿದ್ದರು.

ಬಳಿಕ ಅವರು ಕೇರಳದ ರಾಜ್ಯಪಾಲರಾದರು. ತೆಲಂಗಾಣದಲ್ಲಿ ಕಮ್ಯುನಿಸ್ಟ್ ಬಂಡಾಯದ ಬಿಸಿಯಲ್ಲಿ ಗೇಣಿ ಕಾಯ್ದೆ ಬರೆದವರು, 1957ರ ಏಪ್ರಿಲ್ 5ರಂದು ಇ. ಎಂ. ಎಸ್. ನಂಬೂದಿರಿಪಾಡರ ಚುನಾಯಿತ ಕಮ್ಯುನಿಸ್ಟ್ ಮಂತ್ರಿಮಂಡಲಕ್ಕೆ ಪ್ರಮಾಣವಚನ ಬೋಧಿಸಿದರು. 1959ರ ಜುಲೈ 31ರಂದು ಆ ಸರ್ಕಾರ ವಜಾ ಆದದ್ದು ಅವರದೇ ವರದಿಯ ಆಧಾರದ ಮೇಲೆ. ತೆಲಂಗಾಣದ ಪತ್ರದಲ್ಲಿ ಎದುರುವಾದಕ್ಕೂ ಜಾಗ ಕೊಟ್ಟ ಕೈ, ಬಹುಮತವಿದ್ದ ಮಂತ್ರಿಮಂಡಲವೊಂದನ್ನು ತೆಗೆಯಲು ಕೇಂದ್ರಕ್ಕೆ ಆಧಾರ ಒದಗಿಸಿತೆಂಬುದು ಅವರ ಬದುಕಿನ ಅತ್ಯಂತ ಕಷ್ಟದ ಅಧ್ಯಾಯ. ಅವರನ್ನು ಮೆಚ್ಚುವವರೂ ಅದನ್ನು ಸಮರ್ಥಿಸಲು ಹೋಗಬಾರದು. 1960ರಲ್ಲಿ ಉತ್ತರಪ್ರದೇಶಕ್ಕೆ ರಾಜ್ಯಪಾಲರಾಗಿ ಹೋಗಿ, 1962ರ ಬಳಿಕ ರಾಜ್ಯಸಭೆಯಲ್ಲಿ ಕುಳಿತು, 1967ರ ಸೆಪ್ಟೆಂಬರಿನಲ್ಲಿ ನಿಧನರಾದರು.

ಎರಡು ವರ್ಷಗಳಲ್ಲಿ, 1969ರಲ್ಲಿ, ಸಜ್ಜನರ ಒಪ್ಪಂದ ಮುರಿದುಬಿದ್ದಿತೆಂದು ತೆಲಂಗಾಣ ಹೊತ್ತಿ ಉರಿಯಿತು. ಅದಕ್ಕೆ ನೇತೃತ್ವ ಕೊಟ್ಟವರಲ್ಲಿ ಸಹಿದಾರ ಚೆನ್ನಾರೆಡ್ಡಿಯವರಿದ್ದರು. 1971ರಲ್ಲಿ ಮುಖ್ಯಮಂತ್ರಿಯಾಗಿ ಮುಲ್ಕಿ ಪ್ರಶ್ನೆಯನ್ನೂ ಭೂಸುಧಾರಣೆಯನ್ನೂ ಮತ್ತೆ ಕೈಗೆತ್ತಿಕೊಳ್ಳಬೇಕಾಗಿ ಬಂದವರು ರಾಯರ ಕೈಕೆಳಗೆ ಕಿರಿಯ ವಕೀಲರಾಗಿ ಪಳಗಿದ ಪಿ. ವಿ. ನರಸಿಂಹರಾವ್. ರಾಯರ ಹೆಸರಿನ ಬಿ.ಆರ್.ಕೆ. ಭವನವು, 2014ರಲ್ಲಿ ಪ್ರತ್ಯೇಕವಾದ ತೆಲಂಗಾಣದ ಹೊಸ ಸಚಿವಾಲಯ ಕಟ್ಟುವ ತನಕ, 2019ರಿಂದ 2023ರವರೆಗೆ ಆ ರಾಜ್ಯದ ಆಡಳಿತ ಕೇಂದ್ರವಾಗಿ ಕೆಲಸ ಮಾಡಿತು.